ಐಸ್ ಒಡೆಯುವ ಹೋಮ್‌ವರ್ಕ್

ಮನೇಲಿ ಒಬ್ಬಳೇ ಕೂತು, ಫೋನಿನಲ್ಲಿ ಊರವರಿಗೆಲ್ಲ ಸ್ಪೋಕನ್ ಇಂಗ್ಲಿಷ್ ಕಲಿಸೋಳಿಗೆ ಇಂಥವು ಆಗದೆ ಇನ್ನೇನಾಗ್ತವೆ ಹೇಳಿ. ಮೊನ್ನೆ 'ಬ್ರೇಕ್ ದಿ ಐಸ್' ಪಾಠ. ಗುರುತಿಲ್ಲದವರ ಮಧ್ಯೆ ಬಿಗುಮಾನ ಇರುತ್ತಲ್ಲ, ಅದನ್ನ ಮುರಿದು ಮೊದಲ ಮಾತು ತೆಗೆಯೋದು ಅಂತ ಅರ್ಥ ಹೇಳಿದೆ. ಒಬ್ಬೊಬ್ಬರೂ ಒಬ್ಬ ಅಪರಿಚಿತರನ್ನ ಮಾತಾಡಿಸಿ ಬನ್ನಿ ಅಂತ ಹೋಮ್‌ವರ್ಕೂ ಕೊಟ್ಟೆ.

ಮೆಟ್ರೋದಲ್ಲಿ

ಶಿವಾಜಿನಗರದ ಬಟ್ಟೆ ಅಂಗಡಿ ಸಾಹೇಬರು ಮೊದಲು ವರದಿ ಒಪ್ಪಿಸಿದರು.

"ಹಲಸೂರಲ್ಲಿ ಹತ್ತಿದೋರೊಬ್ರಿಗೆ 'ವೆರಿ ಹಾಟ್ ಟುಡೇ' ಅಂದೆ ಮೇಡಂ. ಅವರು ನಮ್ಮ ದಖ್ನಿ ಉರ್ದೂಲಿ ಶುರು ಮಾಡ್ಬಿಟ್ರು. ಮಾತಾಡ್ತಾ ಇಳಿಯೋ ಸ್ಟೇಷನ್ ಬಿಟ್ಟು ಕೆ.ಆರ್. ಪುರಂ ತನಕ ಹೋಗ್ಬಿಟ್ಟೆ. ಅವರ ಮಗಳ ಮದುವೆ ಬಟ್ಟೆ ಪೂರಾ ನಮ್ಮ ಅಂಗಡೀದೇ."

"ಇಂಗ್ಲಿಷು?"

"ಅದು ಬಾಯಿಗೆ ಬರೋದ್ರೊಳಗೆ ವ್ಯಾಪಾರ ಮುಗಿದಿತ್ತು."

ಲಿಫ್ಟಿನಲ್ಲಿ

ಇನ್ನೊಬ್ಬಾಕೆ ಕಲಬುರಗಿ ಕಡೆಯವಳು, ಕಲ್ಯಾಣ ನಗರದ ಅಪಾರ್ಟ್‌ಮೆಂಟಲ್ಲಿ ಅಡುಗೆ ಕೆಲಸ.

"ಲಿಫ್ಟಿನ್ಯಾಗ ಒಬ್ಬ ಅಮ್ಮಾರಿಗೆ 'ಹೌ ಆರ್ ಯೂ' ಅಂದೆ ನೋಡ್ರಿ, ಅಳಲಿಕ್ಕ ಹತ್ತಿದ್ರು. ಸೊಸಿ ಸುದ್ದಿ ಪೂರಾ ಹೇಳಿದ್ರು. ಈಗ ದಿನಾ ನನ್ನ ಸಲುವಾಗಿ ಲಿಫ್ಟ್ ಹಿಡಕೊಂಡು ನಿಂತಿರ್ತಾರ, ನಾ ಮೆಟ್ಟಲಾ ಹತ್ತಿ ಹೋಗ್ತೀನ್ರಿ. ಐಸ್ ಒಡಿಯೂದು ಬಂತ್ರಿ ಮೇಡಂ, ತಿರುಗಿ ಗಟ್ಟಿ ಮಾಡೂದು ಹ್ಯಾಂಗ, ಅದೊಂದು ಹೇಳಿಕೊಡ್ರಿ."

ನಕ್ಕೆ. ಫೋನ್ ಇಟ್ಟ ಮೇಲೆ ಆ ಅಮ್ಮನ ಮೇಲೆ ಹೊಟ್ಟೆಕಿಚ್ಚಾಯ್ತು. ಹೇಗಿದೀರಿ ಅಂತ ಕೇಳೋರು ಅವರಿಗಾದ್ರೂ ಸಿಕ್ಕರಲ್ಲ.

ಪಕ್ಕದ ಮನೇಲಿ

"ನೀವು ಯಾರನ್ನ ಮಾತಾಡಿಸಿದ್ರಿ ಮೇಡಂ?" ಅಂದರು ಸಾಹೇಬರು, ಮಾರನೇ ದಿನದ ಕ್ಲಾಸಲ್ಲಿ. ನಾಳೆ ಹೇಳ್ತೀನಿ ಅಂತ ಫೋನ್ ಇಟ್ಟೆ.

ಹೊಸ ತಿಪ್ಪಸಂದ್ರದ ಈ ಮನೆಗೆ ಬಂದು ವರ್ಷವಾಯ್ತು. ಕ್ಲಾಸ್ ಮುಗಿದರೆ ಹಾಲಿನ ಅಂಗಡಿಯವನ ಹತ್ತಿರ ಎರಡು ಮಾತು, ಅಷ್ಟೇ. ಸುಳ್ಳು ಯಾಕೆ, ಭಾನುವಾರ ಬಂತು ಅಂದರೆ ಭಯ ಆಗುತ್ತೆ. ಕೊನೆಗೆ ಧೈರ್ಯ ಮಾಡಿ, ಒಂದು ಬಟ್ಟಲು ಹಿಡಿದು, ಹೆಪ್ಪಿಗೆ ಮೊಸರು ಕೇಳೋ ನೆಪದಲ್ಲಿ ಪಕ್ಕದ ಮನೆ ಬೆಲ್ ಒತ್ತಿದೆ. ಅಲ್ಲೂ ನನ್ನ ವಯಸ್ಸಿನ ಹೆಂಗಸು, ಒಬ್ಬರೇ.

"ಅಯ್ಯೋ, ಬನ್ನಿ ಮೇಡಂ. ನಿಮ್ಮ ಕ್ಲಾಸೆಲ್ಲ ಗೋಡೆ ಈಚೆ ಕೇಳಿಸುತ್ತೆ ನಂಗೆ. ನಾನೂ ಹೋಮ್‌ವರ್ಕ್ ಮಾಡೋಣ ಅಂತ ಈಗ ತಾನೇ ನಿಮ್ಮ ಬಾಗಿಲ ತನಕ ಬಂದಿದ್ದೆ."

"ಬೆಲ್ ಮಾಡೋದಲ್ವಾ?"

"ಒಳಗೆ ಯಾರಿಗೋ ಬೈತಿದ್ರಿ. 'ಎಷ್ಟು ಹೊತ್ತು ಕಾಯೋದು, ಬಾಯಿ ಬಿಡ್ತೀಯೋ ಇಲ್ವೋ' ಅಂತ. ನೆಂಟರ ಜಗಳದಲ್ಲಿ ನಾನ್ಯಾಕೆ ಅಂತ ವಾಪಸ್ ಬಂದೆ. ಹೋದ್ರಾ ಅವರು?"

ನನ್ನ ಮನೆಗೆ ನೆಂಟರು ಅಂತ ಒಬ್ಬರೂ ಕಾಲಿಟ್ಟಿಲ್ಲ. ಅಳುವೂ ಬಂತು, ನಗುವೂ ಬಂತು.

"ಇಲ್ಲ, ಇನ್ನೂ ಒಲೆ ಮೇಲೇ ಇದಾರೆ," ಅಂದೆ. "ಕುಕ್ಕರು. ಎಷ್ಟು ಬೈದ್ರೂ ಕೂಗೋದೇ ಇಲ್ಲ. ಬನ್ನಿ, ಪರಿಚಯ ಮಾಡಿಸ್ತೀನಿ."