ವಾಕಡದ ಸಮುದ್ರ

ಸಮುದ್ರ ಇಲ್ಲದ ಊರಾಗ ಕೂತು ಸಮುದ್ರ ಬೇಕನ್ನೋ ಮನಷ್ಯಾಗ ಇಂಥಾವೆಲ್ಲಾ ಆಗೋವ. ನನಗೂ ಆದ್ವು, ಒಂದರ ಬೆನ್ನಿಗೆ ಒಂದು.

ಆಗ ನಾ ಮರಾಠಿ ಸೀಮ್ಯಾಗ, ಚಾಕಣದ ಒಂದು ಫ್ಯಾಕ್ಟರ್ಯಾಗ ಸ್ಟೋರ್ಸ್ ನೋಡ್ಕೊಂಡಿದ್ದೆ. ಮನಿ ವಾಕಡದಾಗ. ಒಮ್ಮೆ ಹಲ್ಲು ಕೀಳಸಾಕ ಹೋದಾಗ ಡಾಕ್ಟರ ಹೊರಗಿನ ಖೋಲ್ಯಾಗ ಉಪ್ಪುನೀರಿನ ಗಾಜಿನ ಪೆಟಗಿ ನೋಡಿದೆ. ಅದರಾಗ ಕಿತ್ತಳಿ ಬಣ್ಣದ ಮೀನು, ಮೈಮ್ಯಾಲ ಬಿಳಿ ಪಟ್ಟಿ. ಹಲ್ಲು ಹೋದದ್ದ ಗೊತ್ತಾಗಲಿಲ್ಲ. ಮುಂದಿನ ವಾರನ ಶಿವಾಜಿನಗರದ ಮೀನಿನ ಅಂಗಡಿಯಿಂದ ಅಂಥಾದ್ದೊಂದು ಸಣ್ಣ ಪೆಟಗಿ ನಮ್ಮನಿಗೆ ಬಂತು.

ಹೆಂಡತಿ ಆ ಜಾಗಾ ಶೋಕೇಸಿಗೆ ಅಂತ ಇಟ್ಟಿದ್ಲು. "ಗಣಪತಿ ಕಳಸೋದ್ರೊಳಗ ಇದರಾಗ ಮೀನ ಕಾಣಬೇಕ್ರಿ. ಇಲ್ಲಂದ್ರ ಪೆಟಗಿ ಹೊರಗ, ಶೋಕೇಸ್ ಒಳಗ," ಅಂದ್ಲು.

ಹೂಂ ಅಂದೆ. ಅಂಗಡಿಯವ ಹೇಳಿದ್ದನ್ನ ಮಾತ್ರ ಅಕಿಗೆ ಹೇಳಲಿಲ್ಲ.

ಉಪ್ಪು

ಅಂಗಡಿಯವ ಹೇಳಿದ್ದು ಇಷ್ಟ: ಉಪ್ಪುನೀರು ತುಂಬಿದ ಕೂಡ್ಲೆ ಮೀನ ಬಿಟ್ರ ಸಾಯ್ತಾವ. ಮೊದಲ ಆ ನೀರಾಗ ಏನರೆ ಕೊಳೀಬೇಕು. ಕೊಳತದ್ದರ ವಿಷಾ ತಿನ್ನೋ ಕಣ್ಣಿಗೆ ಕಾಣದ ಜೀವಾಣು ಹುಟ್ಟಿ ಬೆಳೀಬೇಕು. ಅಲ್ಲಿತನಕ ಬರೇ ನೀರು ನೋಡ್ಕೋತ ಕೂಡಬೇಕು.

ಉಪ್ಪೂ ಬ್ಯಾರೆನ. ಚೀಲ ಹೊತ್ಕೊಂಡು ಬಂದದ್ದು ನೋಡಿ ಹೆಂಡತಿ, "ನಮ್ಮ ಅಡಗಿಮನ್ಯಾಗಿಂದು ಉಪ್ಪಲ್ಲೇನು?" ಅಂದ್ಲು. ಇದು ಸಮುದ್ರದ ಲೆಕ್ಕದ್ದು ಅಂದೆ. "ಅದೂ ಸಮುದ್ರದಾಗಿಂದನ ಬರ್ತದ," ಅಂದ್ಲು. ನಾ ಚೀಲ ಬಿಚ್ಚಿ ಅಳತಿ ಮಾಡಿ ನೀರಿಗೆ ಸುರುವಿದೆ.

ನಮ್ಮ ಅವ್ವಗ ಸಮುದ್ರ ಅಂದ್ರ ಭಾಳ ಭಕ್ತಿ. ಮುಂಬೈದಾಗಿನ ಅಕಿ ತಂಗಿ, ಅಂದ್ರ ನಮ್ಮ ಚಿಗವ್ವ, ಫೋನ್ ಮಾಡಿದಾಗೆಲ್ಲಾ ಸಮುದ್ರದ ಸುದ್ದಿ ಹೇಳಿ ಅವ್ವನ ಹೊಟ್ಟಿ ಉರಸ್ತಿದ್ಲು. "ಇದು ಖರೇನ ಸಮುದ್ರದ ನೀರವ್ವಾ, ಒಂದೀಟೂ ಫರಕಿಲ್ಲ," ಅಂತ ನಾ ಎದಿ ಉಬ್ಬಿಸಿ ಹೇಳಿದೆ. ಅವ್ವ ಬೆರಳು ಅದ್ದಿ ನಾಲಿಗಿಗೆ ಹಚ್ಕೊಂಡ್ಲು.

"ಉಪ್ಪು ಹತ್ತೇದ. ಬ್ಯಾಳಿ ಯಾವಾಗ ಹಾಕ್ತಿ?"

ಒಂದು ಸಿಗಡಿ

ಕೊಳಸಾಕ ಒಂದು ಹಸಿ ಸಿಗಡಿ ಹಾಕ್ರಿ ಅಂತ ಅಂಗಡಿಯವ ಹೇಳಿದ್ದ. ನಮ್ಮನ್ಯಾಗ ಶ್ರಾವಣದಾಗ ಉಳ್ಳಾಗಡ್ಡಿನೂ ಒಳಗ ಬರಂಗಿಲ್ಲ. ಎರಡು ಸಲ ಮೀನ ಮಾರ್ಕೆಟ್ ಮುಂದ ಹಾದು ಹೋಗಿ ಮೂರನೇ ಸಲಕ್ಕ ಒಳಗ ಹೊಕ್ಕೆ.

ಮೀನ ಮಾರೋ ಹೆಣ್ಮಗಳು ಎಷ್ಟು ಬೇಕು ಅಂತ ಮರಾಠ್ಯಾಗ ಕೇಳಿದ್ಲು: "ಕಿತಿ?"

"ಏಕ್."

"ಏಕ್ ಕಿಲೋ?"

"ಏಕ್ ಕೋಳಂಬಿ," ಅಂದೆ. ಒಂದ ಒಂದು ಸಿಗಡಿ.

ಅಕಿ ಕೈಯಾಗಿನ ತಕ್ಕಡಿ ಕೆಳಗಿಟ್ಲು. ಮನ್ಯಾಗ ಬೆಕ್ಕು ಸಾಕೀರೇನು ಅಂತ ಕೇಳಿದ್ಲು. ಇಲ್ಲ, ನೀರಾಗ ಕೊಳಸಾಕ ಬೇಕು ಅಂದೆ. ಅಕಿ ಬಾಜೂದಕಿನ ಮಾರಿ ನೋಡಿದ್ಲು, ಬಾಜೂದಕಿ ನನ್ನ ಮಾರಿ ನೋಡಿದ್ಲು. ಆಮ್ಯಾಲೆ ಒಂದು ಸಿಗಡಿ ಎಲಿಯಾಗ ಸುತ್ತಿ, ರೊಕ್ಕ ತಗೊಳ್ಳಾರದ, ಸಂಭಾಳಿಸ್ಕೊಂಡು ಮನಿಗೆ ಹೋಗ್ರಿ ಅಂತ ಭಾಳ ಮೆತ್ತಗ ಹೇಳಿದ್ಲು.

ಸಿಗಡಿ ತನ್ನ ಕೆಲಸಾ ಚಲೋ ಮಾಡ್ತು. ವಾಸನಿ ಮೆಟ್ಟಲಾ ಇಳದು ಕೆಳಗಿನ ಮನಿತನಕಾ ಹೋತು. ಅಲ್ಲಿದ್ದವರು ಕೊಂಕಣದ ಮಂದಿ, ದಿನಾ ಮೀನ ತಿನ್ನೋರು. ಅವರು ಬಾಗ್ಲಾ ಬಡದಾಗ, ಬೈಯಾಕ ಬಂದ್ರು ಅಂತ ಹೆದರಕೋತ ತಗದೆ. ಆ ಮನಿ ಹಿರ್ಯಾ ಎರಡೂ ಕೈಲೆ ನನ್ನ ಕೈ ಹಿಡಕೊಂಡ.

"ಶೇವಟೀ ಸುರುವಾತ್ ಕೇಲೀತ್! ಕಡೀಗೂ ಸುರು ಮಾಡಿದ್ರಲ್ಲ! ಆದ್ರ ಮುಂದಿನ ಸಲ ತಾಜಾ ತಗೊಳ್ರಿ."

ಹಸರು ನೀರು

ವಿಷಾ ಇಳದದೋ ಇಲ್ಲೋ ನೋಡಾಕ ದಿನಾ ಮುಂಜಾನೆ ಪೆಟಗಿ ನೀರು ಒಂದು ಸಣ್ಣ ಗಾಜಿನ ನಳಗ್ಯಾಗ ತಗೊಂಡು, ಔಷಧದ ಹನಿ ಬಿಟ್ಟು, ಬೆಳಕಿಗೆ ಹಿಡಿಬೇಕು. ಹಸರಾದ್ರ ವಿಷಾ ಅದ, ಹಳದಿ ಆದ್ರ ಇಲ್ಲ.

ಹುಬ್ಬಳ್ಳಿಂದ ಹೆಂಡತಿ ಕಾಕಾ ಬಂದಿದ್ರು. ಬಾಲ್ಕನ್ಯಾಗ ನಾ ನಳಗಿ ಅಲ್ಲಾಡಸೋದು ನೋಡಿ ಹತ್ರ ಬಂದು ಸಣ್ಣ ದನಿಲೆ ಕೇಳಿದ್ರು:

"ಭಾಳ ದಿನಾ ಆತೇನು ತಮ್ಮಾ?"

"ಇಲ್ರಿ ಕಾಕಾ, ಈಗೀಗ ಸುರು ಆಗೇದ."

"ಇಳದದೇನು?"

"ಎಲ್ಲಿಂದ್ರಿ, ಇನ್ನೂ ಹಸರನ ಅದ."

ಕಾಕಾ ನನ್ನ ಹೆಗಲ ಮ್ಯಾಲ ಕೈ ಇಟ್ರು. ನಮ್ಮ ಮೀನಿನ ಬಗ್ಗೆ ಇಷ್ಟು ಕಾಳಜಿ ಯಾರೂ ಮಾಡಿರಲಿಲ್ಲ, ನನಗ ಖರೇನ ಸಂತೋಷಾತು. ಅವರು ಹುಬ್ಬಳ್ಳಿ ಮುಟ್ಟಿದ ಮ್ಯಾಲ ಫೋನ್ ಸುರು ಆದ್ವು. ಒಬ್ರು ಹಾಗಲಕಾಯಿ ರಸಾ ಕುಡಿ ಅಂದ್ರು, ಇನ್ನೊಬ್ರು ಮೆಂತೆ ನುಂಗು ಅಂದ್ರು. ನನಗ ಸಕ್ಕರಿ ಬ್ಯಾನಿ ಇಲ್ರೆಪಾ, ಅದು ನನ್ನ ಮೂತ್ರ ಅಲ್ಲ, ಪೆಟಗಿ ನೀರು ಅಂತ ಎಷ್ಟು ಹೇಳಿದ್ರೂ, "ಮೊದಲ ಎಲ್ಲಾರೂ ಹಿಂಗ ಅಂತಾರ," ಅಂದ್ರು.

ಅವ್ವ ಅವತ್ತಿಂದ ನನ್ನ ಚಹಾಕ್ಕ ಸಕ್ಕರಿ ಹಾಕೋದು ಬಿಟ್ಲು.

ಗಣಪತಿ ಕಳಸೋದು

ನಮ್ಮನ್ಯಾಗ ಐದನೇ ದಿನ ಗಣಪತಿ ಕಳಸ್ತೀವಿ. ಸಣ್ಣ ಮಣ್ಣಿನ ಗಣಪತಿ, ಬಕೀಟಿನ್ಯಾಗನ ಮುಳುಗಸೋದು. ಸರಿಯಾಗಿ ಅವತ್ತ ಮುಂಜಾನೆ ನಳಗ್ಯಾಗ ನೀರು ಹಳದಿ ಬಂತು. ಗೆದ್ದೆ! ಅಂಗಿ ಗುಂಡಿನೂ ಹಾಕ್ಕೊಳ್ಳಾರದ ಶಿವಾಜಿನಗರದ ಅಂಗಡಿಗೆ ಓಡಿದೆ. ನೀರು ತುಂಬಿದ ಪ್ಲಾಸ್ಟಿಕ್ ಚೀಲದಾಗ ಎರಡು ಕಿತ್ತಳಿ ಮೀನ ಹಾಕಿಸ್ಕೊಂಡು, ಬಸ್ಸಿನ್ಯಾಗ ಕೂಸಿನಂಗ ತೊಡಿ ಮ್ಯಾಲ ಕೂಡಿಸ್ಕೊಂಡು ಬಂದೆ.

ಮೆಟ್ಟಲಾ ಏರೋದ್ರಾಗ "ಮೋರಯಾ!" ಅಂತ ಕೇಳಸ್ತು. ಒಳಗ ಬಂದ್ರ ಎಲ್ಲಾರೂ ಪೆಟಗಿ ಮುಂದ ಕೈ ಮುಗದು ನಿಂತಾರ. ಪೆಟಗ್ಯಾಗ ಗಣಪತಿ. ಸೊಂಡಿ ಆಗಲೇ ಕರಗಿತ್ತು. ಮ್ಯಾಲ ಗರಿಕಿ, ಚೆಂಡುಹೂವು ತೇಲ್ತಿದ್ವು. ನೀರು ತಿರುಗಸೋ ನನ್ನ ಪಂಪು ಅರಿಷಿಣ ಕುಂಕುಮಾ ಎಲ್ಲಾ ಕಡೆ ಸಮನಾಗಿ ಕಲಸ್ತಿತ್ತು.

"ಅವ್ವಾ!" ಅಂತ ಒದರಿದೆ.

ಅವ್ವ ತಿರುಗಿದ್ಲು. ಕಣ್ಣಾಗ ನೀರು. "ನೀನ ಹೇಳಿದ್ಯಲ್ಲೋ, ಖರೇನ ಸಮುದ್ರದ ನೀರು ಅಂತ. ನಿಮ್ಮ ಚಿಗವ್ವ ಪ್ರತಿ ವರ್ಷ ಸಮುದ್ರಕ್ಕ ಕಳಸಿದೆ, ಸಮುದ್ರಕ್ಕ ಕಳಸಿದೆ ಅಂತಿದ್ಲು. ಅಕಿಗೆ ಫೋನ್ ಹಚ್ಚು. ನಮ್ಮ ಗಣಪತಿನೂ ಸಮುದ್ರಕ್ಕ ಹೋದ ಅಂತ ಹೇಳು."

ನನಗ ಸಿಟ್ಟು ನೆತ್ತಿಗೇರಿತ್ತು. ಆದ್ರ ಅವ್ವನ ಆ ಮಾರಿ ನೋಡಿ ಚಿಗವ್ವನ ನಂಬರ್ ಹುಡಕಿದೆ. ಫೋನ್ ಹಚ್ಚಿದೆ.

ಅವ್ವ ಫೋನ್ ಇಟ್ಟ ಮ್ಯಾಲ ಹೆಂಡತಿ ನನ್ನ ಕೈಯಾಗಿನ ಚೀಲಾ ನೋಡಿದ್ಲು. "ಮೀನ ಪೆಟಗ್ಯಾಗ ಕಾಣಬೇಕು ಅಂದಿದ್ದೆ. ಇನ್ನ ಪೆಟಗಿ ಹೊರಗ..."

"ಹೊರಗ?" ಅಂದ್ಲು ಅವ್ವ. "ಗಣಪತಿ ಕರಗಿದ ಜಾಗಾ ಅದು! ಮುಂದಿನ ವರ್ಷನೂ ಇಲ್ಲೇ ಕಳಸೋದು."

ಹೆಂಡತಿ ತಪ್ಪಾತು ಅಂತ ಗಲ್ಲಾ ಬಡಕೊಂಡ್ಲು. ಅಲ್ಲಿಗೆ ಪೆಟಗಿ ಮನ್ಯಾಗ ಖಾಯಂ ಆತು. ಮೀನಿಗೆ ಮಾತ್ರ ಜಾಗಾ ಇರಲಿಲ್ಲ. ಇಡೀ ವಾಕಡದಾಗ ನನಗ ಗೊತ್ತಿದ್ದ ಉಪ್ಪುನೀರು ಅದೊಂದ. ಚೀಲಾ ಎತ್ಕೊಂಡು ಮತ್ತ ಶಿವಾಜಿನಗರಕ್ಕ ಹೊಂಟೆ.

ಬಾಗ್ಲಾಗ ಅವ್ವ ಒಂದು ಡಬ್ಬಿ ಕೈಯಾಗ ಕೊಟ್ಲು. ಬಿಸಿ ಬಿಸಿ ಮೋದಕ.

"ಅಂಗಡಿಯವ್ಗ ಕೊಡು, ಪಾಪ, ಸಮುದ್ರ ಕೊಟ್ಟ ಪುಣ್ಯಾತ್ಮಾ. ನೀ ದಾರ್ಯಾಗ ಬಾಯಿಗೆ ಹಾಕ್ಕೋಬ್ಯಾಡ, ನಿಂದಿನ್ನೂ ಹಸರು ಅದ."