ಮಾವನಿಗೆ ಶಾಲು ಬೇಡ, ಟೈಮು ಬೇಕು

ನಾಯಿ ಅಟ್ಟಿಸಿಕೊಂಡು ಬರದೆ, ಬಸ್ಸು ತಪ್ಪಿಹೋಗದೆ, ಹೊಟ್ಟೆ ಕೆಡದೆ, ಸುಮ್ಮಸುಮ್ಮನೆ ಓಡುತ್ತಿರುವ ಅರವತ್ತೆಂಟರ ಮನುಷ್ಯರೊಬ್ಬರು ಚಿಂತಾಮಣಿ ಕಡೆ ನಿಮ್ಮ ಕಣ್ಣಿಗೆ ಬಿದ್ದರೆ ಗಾಬರಿಯಾಗಬೇಡಿ. ಅವರು ನಮ್ಮ ಮಾವ. ಹಿಡಿದು ನಿಲ್ಲಿಸಲು ಹೋಗಬೇಡಿ, ಸಿಕ್ಕುವುದಿಲ್ಲ. ಸಿಕ್ಕಿದರೆ ನಿಮ್ಮ ಕಥೆ ಮುಗಿಯಿತು! ಕೈಗೊಂದು ಸ್ಟಾಪ್‌ವಾಚ್ ಕೊಟ್ಟು, "ಆ ಹುಣಸೇಮರದಿಂದ ಈ ಕಲ್ಲಿನ ತನಕ ಎಷ್ಟಾಗತ್ತೆ ನೋಡಪ್ಪಾ" ಎಂದು ನಿಮ್ಮನ್ನು ಬಿಸಿಲಿನಲ್ಲಿ ನಿಲ್ಲಿಸಿ ಓಡಿಬಿಡುತ್ತಾರೆ.

ಮಾವ ಎಂದರೆ ಸೋದರಮಾವ, ನಮ್ಮಮ್ಮನ ಅಣ್ಣ. ಕೆಂಚಾರ್ಲಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ ಅವರದು. ರೇಷ್ಮೆಹುಳು ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿ ಕೂತು, ಪೊರೆ ಕಳಚುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. "ಸಾಕು ಬಿಡಿ, ಇನ್ನು ಮನೇಲಿ ಕೂತ್ಕೊಳ್ಳಿ" ಎಂದು ಯಾರಾದರೂ ಬುದ್ಧಿ ಹೇಳಿದರೆ ಮಾವನ ಉತ್ತರ ಸಿದ್ಧವಾಗಿರುತ್ತದೆ: "ನಂದಿನ್ನೂ ಮೂರನೇ ಜ್ವರ ಕಣಪ್ಪಾ. ಗೂಡು ಕಟ್ಟೋಕೆ ಟೈಮಿದೆ."

ಚಿಂತಾಮಣಿಗೆ ಹೋಗಬೇಕಾದರೆ ಅತ್ತೆಯನ್ನು ಬಸ್ಸು ಹತ್ತಿಸುತ್ತಾರೆ, ತಾವು ಹತ್ತುವುದಿಲ್ಲ. ಅತ್ತೆಯ ತೊಡೆಯ ಮೇಲೆ ಮಾವನ ಒಣ ಶರ್ಟು, ಪಂಚೆ, ಚಪ್ಪಲಿ. ಒಮ್ಮೆ ಹೊಸ ಕಂಡಕ್ಟರು ಆ ಗಂಟನ್ನು ನೋಡಿ, "ಅಮ್ಮಾ, ಯಜಮಾನ್ರು ಎಲ್ಲಿ?" ಎಂದು ಕೇಳಿದನಂತೆ. ಅತ್ತೆ ಕಿಟಕಿಯಾಚೆ ಬೆರಳು ತೋರಿಸಿದರು. ಅಲ್ಲಿ ಮಾವ ಹುಣಸೇಮರದ ನೆರಳಿನಲ್ಲಿ ಬಸ್ಸಿಗೆ ಸಮನಾಗಿ ಓಡುತ್ತಿದ್ದರು! ಬಸ್ಸು ಊರೂರಿಗೂ ನಿಲ್ಲುತ್ತದೆ, ಹಾಲಿನ ಕ್ಯಾನು ಹತ್ತಿಸುತ್ತದೆ, ಡ್ರೈವರು ಟೀ ಕುಡಿಯುತ್ತಾನೆ. ಮಾವ ಎಲ್ಲಿಯೂ ನಿಲ್ಲುವುದಿಲ್ಲ. ಹೆಂಗಸರಿಗೆ ಬಸ್ಸು ಫ್ರೀ, ಮಾವನಿಗೆ ಕಾಲು ಫ್ರೀ. ಗಂಡ ಹೆಂಡತಿ ಇಬ್ಬರೂ ಟಿಕೆಟ್ಟಿಲ್ಲದೆ ಪೇಟೆ ಸೇರುವ ಇನ್ನೊಂದು ಸಂಸಾರ ನಮ್ಮ ತಾಲ್ಲೂಕಿನಲ್ಲಿದ್ದರೆ ತೋರಿಸಿ.

ಹಿರಿಯರ ಓಟ ಎಂದು ಎಲ್ಲಿ ಬೋರ್ಡು ಕಂಡರೂ ಮಾವ ಹಾಜರು. ಎದೆಗೆ ಚುಚ್ಚಿಕೊಂಡ ಬಟ್ಟೆಯ ನಂಬರುಗಳನ್ನು ಒಂದೂ ಬಿಸಾಡದೆ ಮನೆಗೆ ತರುತ್ತಾರೆ. ಅತ್ತೆ ಅವನ್ನು ಒಗೆದು ಉಪ್ಪಿನಕಾಯಿ ಜಾಡಿಗಳ ಬಾಯಿಗೆ ಕಟ್ಟುತ್ತಾರೆ. ಅವರ ಮನೆಯಲ್ಲಿ ಊಟಕ್ಕೆ ಕೂತರೆ "ಮಾವಿನಕಾಯಿ ಹಾಕಲಾ, ನಿಂಬೆಕಾಯಿ ಹಾಕಲಾ" ಎಂದು ಯಾರೂ ಕೇಳುವುದಿಲ್ಲ. "ನೂರಾ ಹನ್ನೆರಡು ಹಾಕಲಾ, ನಲವತ್ತೇಳು ಹಾಕಲಾ?" ಎನ್ನುತ್ತಾರೆ. ನನಗೆ ನಲವತ್ತೇಳೇ ಇಷ್ಟ.

ಶಿಡ್ಲಘಟ್ಟದ ಓಟವೊಂದರಲ್ಲಿ ನಡೆದದ್ದಂತೂ ಇನ್ನೂ ಚೆನ್ನಾಗಿದೆ. ಅಲ್ಲಿ ಮಾವನ ಎದುರಾಳಿ ರಹೀಂ ಸಾಬರು, ನೂಲು ಬಿಚ್ಚುವ ಘಟಕದವರು. ಗೂಡಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಮಾವನ ಗೂಡಿಗೆ ಬೆಲೆ ಕೂಗಿ ಜಗಳಾಡಿದವರು ಈಗ ಅದೇ ಜಗಳವನ್ನು ಓಟದಲ್ಲಿ ಮುಂದುವರಿಸಿದ್ದಾರೆ. ಹೆಸರು ಬರೆದುಕೊಳ್ಳುತ್ತಿದ್ದ ಬೆಂಗಳೂರಿನ ಅಧಿಕಾರಿ ಎಲ್ಲರ ಆಧಾರ್ ಕಾರ್ಡು ನೋಡಿ ಕನ್ನಡಕ ತೆಗೆದರು.

"ಏನ್ರೀ ಇದು? ಎಂಟು ಜನಾನೂ ಜೂನ್ ಒಂದನೇ ತಾರೀಖೇ ಹುಟ್ಟಿದೀರಲ್ಲ! ಅವತ್ತೇನು ಹೆರಿಗೆ ಆಸ್ಪತ್ರೆ ಓಪನಿಂಗ್ ಇತ್ತಾ?"

"ಇಲ್ಲ ಸಾರ್," ಎಂದರು ಮಾವ, "ಸ್ಕೂಲ್ ಓಪನಿಂಗ್ ಇತ್ತು."

ಆ ಕಾಲದಲ್ಲಿ ಹುಟ್ಟಿದ ತಾರೀಖು ಯಾರ ಮನೆಯಲ್ಲಿ ಬರೆದಿಟ್ಟಿದ್ದರು ಹೇಳಿ! ಶಾಲೆ ಶುರುವಾಗುವ ದಿನ ಮೇಷ್ಟ್ರು ಮಕ್ಕಳ ಬಲಗೈಯನ್ನು ನೆತ್ತಿಯ ಮೇಲಿಂದ ತರಿಸಿ, ಬೆರಳು ಎಡಗಿವಿಗೆ ತಾಕಿದರೆ "ಆರು ತುಂಬಿದೆ" ಎಂದು ಬರೆದುಕೊಳ್ಳುತ್ತಿದ್ದರು. ಮಾವನ ಕೈ ಹುಟ್ಟಾ ಉದ್ದ. ನಾಲ್ಕಕ್ಕೇ ಕಿವಿ ಸಿಕ್ಕಿತು, ದಾಖಲೆಯಲ್ಲಿ ಎರಡು ವರ್ಷ ಹೆಚ್ಚಾಯಿತು. ಬೇರೆಯವರು ಇದಕ್ಕಾಗಿ ಮೇಷ್ಟ್ರನ್ನು ಇವತ್ತಿಗೂ ಬೈಯುತ್ತಾರೆ. ಮಾವ ಮಾತ್ರ ಕೈ ಮುಗಿಯುತ್ತಾರೆ. ಹಿರಿಯರ ಓಟದಲ್ಲಿ ಐದೈದು ವರ್ಷಕ್ಕೊಂದು ಗುಂಪು ನೋಡಿ! ಅರವತ್ತೈದು ತುಂಬಿದ ದಿನ ಊರಿಗೆಲ್ಲ ಮೈಸೂರುಪಾಕು ಹಂಚಿದರು. "ನಿನ್ನೆ ತನಕ ಅರವತ್ತರ ಗುಂಪಲ್ಲಿ ಮುದುಕ. ಇವತ್ತಿಂದ ಅರವತ್ತೈದರ ಗುಂಪಲ್ಲಿ ಹುಡುಗ!" ವಯಸ್ಸಾಗುವುದನ್ನು ಬಾಯಿ ಚಪ್ಪರಿಸಿಕೊಂಡು ಕಾಯುವ ಮನುಷ್ಯರನ್ನು ನೀವು ನೋಡಿದ್ದೀರಾ? "ಅರೆ, ಇವರ ಕೈ ಅಳೆದು ಗುಂಪು ಮಾಡಿ ಸಾರ್" ಎಂದು ರಹೀಂ ಸಾಬರು ಇನ್ನೂ ದೂರುತ್ತಾರೆ.

ಇಂಥ ಮಾವನಿಗೆ ಓಟದ ಹುಚ್ಚು ಹಿಡಿದಾಗ ನನಗೆ ಹದಿಮೂರು. ನಾನೂ ಶಾಲೆಯಲ್ಲಿ ಓಡುತ್ತಿದ್ದೆ, ಗೆಲ್ಲುತ್ತಲೂ ಇದ್ದೆ. ಮೈನೆರೆದ ಮೇಲೆ ಅಪ್ಪ "ಇನ್ನು ಸಾಕು" ಎಂದುಬಿಟ್ಟರು. ಹೆಣ್ಣುಮಗಳು ಬೆಳ್ಳಂಬೆಳಗ್ಗೆ ರಸ್ತೆಯಲ್ಲಿ ಓಡಿದರೆ ನೋಡಿದವರು ಏನೆಂದುಕೊಂಡಾರು! ನಾನು ಅತ್ತು ಸುಮ್ಮನಾದೆ. ಅದಾಗಿ ತಿಂಗಳಿಗೆ ಮಾವ ನಮ್ಮ ಜಗಲಿಯ ಮೇಲೆ ಬಂದು ಕೂತರು. "ಭಾವ, ಡಾಕ್ಟ್ರು ದಿನಾ ಓಡು ಅಂದವ್ರೆ. ಕೆರೆ ಏರಿ ಮೇಲೆ ಒಬ್ಬನೇ ಹೋದ್ರೆ ತಲೆ ಸುತ್ತಿ ಬಿದ್ಬಿಡ್ತೀನೇನೋ ಅಂತ ಭಯ. ಮಗೂನ ಜೊತೆಗೆ ಕಳಿಸಿ."

ಅಪ್ಪ ಒಪ್ಪಿದರು. ಕಾಯಿಲೆಯ ಮನುಷ್ಯನಿಗೆ ಜೊತೆ ಹೋಗುವುದು ಬೇರೆ ಮಾತಲ್ಲವೇ? "ಹೋಗಮ್ಮ, ಮಾವ ಕೆರೇಗೆ ಬೀಳದೇ ಇರೋ ಹಂಗೆ ನೋಡ್ಕೋ" ಎಂದರು. ಅಲ್ಲಿಂದ ಐದು ವರ್ಷ ದಿನಾ ಬೆಳಗ್ಗೆ ನಾನು ನಿದ್ದೆಗೆಟ್ಟು ಈ ಮಹಾನುಭಾವರಿಗೆ ಕಾವಲು ಕಾದೆ. ನಾನು ಮುಂದೆ, ಅವರು ಏದುಸಿರು ಬಿಡುತ್ತ ಹಿಂದೆ. ತೋಟದಲ್ಲಿ ಸೊಪ್ಪು ಕೊಯ್ಯುವವರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು: "ನನ್ನ ಬಿಟ್ಟು ಹೋಗ್ಬೇಡಮ್ಮಾ! ನಿಲ್ಲಮ್ಮಾ!" ನನಗೋ ನಾಚಿಕೆ. ಅವರಿಂದ ದೂರ ಹೋಗಲೆಂದೇ ಇನ್ನಷ್ಟು ಜೋರಾಗಿ ಓಡುತ್ತಿದ್ದೆ. ಹಾಗೆ ಓಡಿ ಓಡಿ ರಾಜ್ಯಮಟ್ಟಕ್ಕೆ ಹೋದೆ, ಕ್ರೀಡಾ ಕೋಟಾದಲ್ಲಿ ಕಾಲೇಜು ಸೇರಿದೆ, ಈಗ ಚಿಕ್ಕಬಳ್ಳಾಪುರದಲ್ಲಿ ಪಿ.ಟಿ. ಮೇಡಂ ಆಗಿದ್ದೇನೆ. ಮಾವನನ್ನು ಕಾಪಾಡಿದ ಪುಣ್ಯ ನನಗೆ ಫಲ ಕೊಟ್ಟಿತೆಂದು ಮೂವತ್ತು ವರ್ಷ ಬೀಗಿಕೊಂಡೇ ಬದುಕಿದೆ.

ಈ ವರ್ಷ ನಮ್ಮಲ್ಲಿ ದೊಡ್ಡ ಕ್ರೀಡಾಕೂಟ. ಶಾಲಾ ಮಕ್ಕಳದಲ್ಲ, ಓಟವೇ ಜೀವನವಾಗಿರುವ ವೃತ್ತಿಪರರದು. ನಾನು ಕಾರ್ಯದರ್ಶಿ. ನಡುವೆ ಹಿರಿಯರಿಗೊಂದು ನಾನೂರು ಮೀಟರ್ ಇಡಬೇಕೆಂದು ಅರ್ಜಿ ಬಂತು. ಯಾರದೆಂದು ಬೇರೆ ಹೇಳಬೇಕೇ? ಕೆಳಗೆ ರಹೀಂ ಸಾಬರ ಸಹಿಯೂ ಇತ್ತು.

ಸಮಿತಿಯಲ್ಲಿ ಗೌರಿಬಿದನೂರಿನ ಕೋಚ್ ಎದ್ದು ನಿಂತರು. "ಮೇಡಂ, ಇದು ಓಟಾನೋ, ಸನ್ಮಾನ ಸಮಾರಂಭಾನೋ? ನನ್ನ ಹುಡುಗಿ ಇದೇ ಓಟಕ್ಕೆ ವರ್ಷವಿಡೀ ಬೆವರು ಸುರಿಸಿದಾಳೆ. ವಾರ್ಮಪ್ ಮಾಡಿ ನಿಂತಿರೋವಾಗ ತಾತಂದಿರು ಮೆಲ್ಲಗೆ ಒಂದು ಸುತ್ತು ಬರಲಿ ಅಂತ ಕಾಯಿಸಿದ್ರೆ, ಮೈ ತಣ್ಣಗಾಗಿ ತೊಡೆ ಹಿಡ್ಕೊಂಡ್ರೆ, ಜವಾಬ್ದಾರಿ ಯಾರು?"

ಅವರ ಮಾತು ಸುಳ್ಳಲ್ಲ, ನಾನೂ ಓಡಿದವಳೇ. ಇನ್ನೊಬ್ಬರು, "ಇರ್ಲಿ ಬಿಡಿ, ಜನ ನಗ್ತಾರೆ, ಒಳ್ಳೇ ಕಾಮಿಡಿ" ಎಂದರು. ಅದು ನನಗೆ ಕೋಚ್ ಮಾತಿಗಿಂತ ಹೆಚ್ಚು ಚುಚ್ಚಿತು. ನಮ್ಮ ಮಾವನನ್ನು ನೋಡಿ ನಾನು ನಗಬಹುದು, ಊರವರೆಲ್ಲ ನಗಬೇಕೇ? ಕೊನೆಗೆ ನಾನೇ ತೀರ್ಮಾನ ಕೊಟ್ಟೆ: ಹಿರಿಯರ ಓಟ ಬೆಳಗ್ಗೆ ಏಳಕ್ಕೆ, ಕೂಟ ಶುರುವಾಗುವ ಮೊದಲೇ. ಪಿಸ್ತೂಲು, ಟೈಮು ಏನೂ ಬೇಡ. ಓಡಿದವರಿಗೆಲ್ಲ ಶಾಲು, ಹಣ್ಣಿನ ಬುಟ್ಟಿ. ಎಷ್ಟು ಜಾಣತನ ನನ್ನದು!

ಫೋನಿನಲ್ಲಿ ಮಾವನಿಗೆ ಹೇಳಿದೆ.

"ಶಾಲು ಹೊದ್ಕೊಂಡು ಓಡೋಕಾಗತ್ತೇನಮ್ಮಾ?" ಎಂದರು. "ನಮಗೆ ಚಪ್ಪಾಳೆ ಬೇಡ. ಗೆಲ್ಲೋದೂ ಬೇಡ. ಎಲ್ಲರಿಗೂ ಹಿಡಿಯೋ ಥರ ನಮಗೂ ಟೈಮ್ ಹಿಡೀರಿ, ಸಾಕು. ಟೈಮ್ ಹಿಡಿದ್ರೆ ಓಟ. ಇಲ್ದಿದ್ರೆ ಬರೀ ವಾಕಿಂಗು." ಆಮೇಲೆ ದನಿ ತಗ್ಗಿಸಿ, "ಆಯ್ತು ಬಿಡಮ್ಮ, ನಿನ್ನ ಕೂಟ. ನಿಂಗೆ ಹೆಂಗೆ ಅನುಕೂಲಾನೋ ಹಂಗೆ ಮಾಡು" ಎಂದರು. ಜಗಳಾಡಿದ್ದರೆ ಚೆನ್ನಾಗಿತ್ತು. ನಮ್ಮ ಮಾವ ಒಂದು ಮಾತಿಗೆ ಒಪ್ಪಿಕೊಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಎರಡು ದಿನಕ್ಕೆ ಅತ್ತೆ ಒಬ್ಬರೇ ನಮ್ಮ ಮನೆಗೆ ಬಂದರು. ಕೈಯಲ್ಲಿ ನಲವತ್ತೇಳನೇ ನಂಬರಿನ ಜಾಡಿ. ಕಾಫಿ ಮುಟ್ಟಲಿಲ್ಲ.

"ಒಂದು ವಿಷ್ಯ ಹೇಳ್ತೀನಿ. ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡವ್ರೆ. ಆಣೆ ಮುರಿದ ಪಾಪ ನಂಗೇ ಬರ್ಲಿ. ನಿಮ್ಮ ಮಾವನಿಗೆ ಓಡೋದು ಅಂದ್ರೆ ಆಗ್ತಾನೇ ಇರ್ಲಿಲ್ಲ ಕಣೇ."

"ಮತ್ತೆ ಡಾಕ್ಟ್ರು ಹೇಳಿದ್ರಲ್ಲ ಅತ್ತೆ?"

"ಯಾವ ಡಾಕ್ಟ್ರೂ ಇಲ್ಲ, ಮಣ್ಣೂ ಇಲ್ಲ. ನಿಮ್ಮಪ್ಪ ನಿನ್ನ ಓಟ ಬಿಡಿಸಿದ್ರಲ್ಲ, ಅವತ್ತು ರಾತ್ರಿ ಇವ್ರು ಊಟ ಮಾಡ್ಲಿಲ್ಲ. ಮೊದಲನೇ ದಿನ ಓಡಿ ಬಂದೋರು ಸೊಂಟ ಹಿಡ್ಕೊಂಡು ನಡುಮನೇಲೇ ಬಿದ್ಕೊಂಡ್ರು. ಹರಳೆಣ್ಣೆ ತಿಕ್ಕಿ ತಿಕ್ಕಿ ನನ್ನ ಕೈ ಸವೀತು. ಯಾಕ್ರೀ ಈ ಹಣೆಬರಹ ಅಂದ್ರೆ, ನಾನು ಮಲಗಿದ್ರೆ ಮಗು ಯಾರ ಜೊತೆ ಓಡತ್ತೆ ಅಂದ್ರು. ದಾರೀಲಿ ಕೂಗ್ತಿದ್ರಲ್ಲ, ಬಿಟ್ಟು ಹೋಗ್ಬೇಡ ಅಂತ? ಅದು ನಿಂಗಲ್ಲ ಕಣೇ, ಊರೋರಿಗೆ. ಹುಡುಗಿ ಒಂಟಿಯಾಗಿಲ್ಲ ಅಂತ ತಿಳೀಲಿ ಅಂತ."

ಅತ್ತೆ ಜಾಡಿಯನ್ನು ನನ್ನ ಮುಂದಕ್ಕೆ ತಳ್ಳಿದರು.

"ಯಾರೂ ಇಲ್ಲದ ಗ್ರೌಂಡಲ್ಲಿ ಏಳು ಗಂಟೆಗೆ ಓಡಿಸ್ತೀಯಂತೆ ಅವ್ರನ್ನ. ಯಾರೂ ಇಲ್ಲದ ಕೆರೆ ಏರಿ ಮೇಲೆ ನೀನು ಓಡೋವಾಗ ಅವ್ರಿದ್ರು ಕಣಮ್ಮ."

ಮೂವತ್ತು ವರ್ಷ! ನಾನು ಅವರನ್ನು ಕಾದೆನೆಂದು ಕೊಚ್ಚಿಕೊಂಡೆನಲ್ಲ, ನನ್ನಂಥ ದಡ್ಡಿ ಇದ್ದಾಳೆಯೇ? ನಾನು ತಿನ್ನುವ ಅನ್ನ, ಕೊರಳಲ್ಲಿರುವ ಸೀಟಿ, ಮಕ್ಕಳು ಕರೆಯುವ ಮೇಡಂ ಎಂಬ ಹೆಸರು, ಎಲ್ಲ ಆ ಮನುಷ್ಯ ಸೊಂಟ ನೋಯಿಸಿಕೊಂಡು ಸಂಪಾದಿಸಿ ಕೊಟ್ಟದ್ದು. ಅವರಿಗೆ ನಾನು ಶಾಲು ಹೊದಿಸಿ ಕಳಿಸುವವಳಿದ್ದೆ.

ಅಂದೇ ಗೌರಿಬಿದನೂರಿನ ಕೋಚ್‌ಗೆ ಫೋನು ಮಾಡಿದೆ. "ಸಾರ್, ನಿಮ್ಮ ಹುಡುಗಿ ಫೈನಲ್ ಮುಗಿಸಿದ ಮೇಲೆ ಫಲಿತಾಂಶ ಬರೆಯೋಕೆ ಹೇಗೂ ಹತ್ತು ನಿಮಿಷ ಟ್ರ್ಯಾಕ್ ಖಾಲಿ ಇರತ್ತೆ. ಆಗ ಓಡ್ಲಿ. ಪಿಸ್ತೂಲು, ಲೇನು, ಟೈಮು ಎಲ್ಲ ಇರತ್ತೆ. ಎರಡು ನಿಮಿಷದೊಳಗೆ ಮುಗಿಸದೋರು ಹೊರಗೆ."

"ಹಂಗಾದ್ರೆ ನಂದೇನೂ ಅಡ್ಡಿ ಇಲ್ಲ ಮೇಡಂ," ಎಂದರು ಕೋಚ್. "ನಾನು ಬೇಡ ಅಂದಿದ್ದು ಕಾಯಿಸೋದನ್ನ, ಓಡೋದನ್ನಲ್ಲ."

ಕೂಟದ ಸಂಜೆ ಆರು ಜನ ಹಿರಿಯರು ಲೇನಿನಲ್ಲಿ ನಿಂತರು. ಟೈಮು ಹಿಡಿಯಲು ಲೇನಿಗೊಬ್ಬರು. ಮಾವ ನಿಂತಿದ್ದ ಮೂರನೇ ಲೇನನ್ನು ಹಟ ಮಾಡಿ ನಾನೇ ತೆಗೆದುಕೊಂಡೆ. ಪಿಸ್ತೂಲು ಸಿಡಿಯಿತು, ಗುಂಡಿ ಒತ್ತಿದೆ. ಮೊದಮೊದಲು ಜನ ನಕ್ಕರು, ನಿಜ. ಅರ್ಧ ಸುತ್ತಾಗುವ ಹೊತ್ತಿಗೆ ನಗು ನಿಂತಿತು. ನೂರು ಮೀಟರು ಉಳಿದಾಗ ಮಾವನೂ ರಹೀಂ ಸಾಬರೂ ಭುಜಕ್ಕೆ ಭುಜ ಕೊಟ್ಟು ಬರುತ್ತಿದ್ದರು. ಆಗಷ್ಟೇ ಫೈನಲ್ ಗೆದ್ದಿದ್ದ ಗೌರಿಬಿದನೂರಿನ ಹುಡುಗಿ ಗೆರೆಯ ಹತ್ತಿರ ಓಡಿ ಬಂದು ಕಿರುಚತೊಡಗಿದಳು: "ತಾತಾ, ಕೈ ಬೀಸಿ! ಕೈ ಬೀಸಿ ತಾತಾ!" ಮಾವ ಆ ಉದ್ದನೆಯ ಕೈ ಬೀಸಿದರು. ಹಣೆಯೆಲ್ಲ ಬೆವರು, ಬಾಯಿ ಅರ್ಧ ತೆರೆದಿತ್ತು. ಏರಿಯ ಮೇಲೆ ಹಿಂದಿರುಗಿ ನೋಡಿದಾಗಲೆಲ್ಲ ಕಾಣುತ್ತಿದ್ದದ್ದು ಇದೇ ಮುಖ. ಆಗ ನಾಚಿ ಮುಖ ತಿರುಗಿಸುತ್ತಿದ್ದೆ.

ರಹೀಂ ಸಾಬರು ಎರಡನೆಯವರಾಗಿ ಬಂದರು, ಮಾವ ಮೂರನೆಯವರು. ಗೆರೆ ದಾಟಿ, ಮಂಡಿಯ ಮೇಲೆ ಕೈಯೂರಿ, ಉಸಿರು ಸಿಕ್ಕಿದ ಕೂಡಲೇ ತಲೆಯೆತ್ತಿ ಕೇಳಿದರು:

"ಎಷ್ಟಮ್ಮಾ?"

ಆಗ ಎಚ್ಚರವಾಯಿತು. ನನ್ನ ಎರಡು ಕೈಯೂ ಚಪ್ಪಾಳೆ ತಟ್ಟುತ್ತಿದ್ದವು. ವಾಚು ಕೊರಳಲ್ಲಿ ನೇತಾಡಿಕೊಂಡು ಇನ್ನೂ ಓಡುತ್ತಲೇ ಇತ್ತು. ಇಪ್ಪತ್ತು ವರ್ಷದಿಂದ ಸಾವಿರಾರು ಮಕ್ಕಳಿಗೆ ಟೈಮು ಹಿಡಿದಿದ್ದೇನೆ, ಒಂದು ಸಲವೂ ಹೀಗಾಗಿರಲಿಲ್ಲ. ಆ ಮನುಷ್ಯ ಬೇಡವೆಂದ ಚಪ್ಪಾಳೆ ಕೊಟ್ಟೆ, ಬೇಕೆಂದ ಟೈಮು ಕೊಡಲಿಲ್ಲ.

"ನಿಲ್ಲಿಸೋದು ಮರ್ತೆ ಮಾವಾ," ಎಂದೆ. ಅಳು ಬಂದುಬಿಟ್ಟಿತು. "ಅತ್ತೆ ಎಲ್ಲಾ ಹೇಳಿದ್ರು."

ಮಾವ ನನ್ನ ಮುಖ ನೋಡಿದರು. ಪೆವಿಲಿಯನ್ನಿನಲ್ಲಿ ಶರ್ಟು ಪಂಚೆ ಹಿಡಿದು ಕೂತಿದ್ದ ಅತ್ತೆಯ ಕಡೆ ನೋಡಿದರು. ಬೈಯುತ್ತಾರೆಂದುಕೊಂಡೆ. ಬೆವರಿನ ಕೈಯನ್ನೇ ನನ್ನ ತಲೆಯ ಮೇಲಿಟ್ಟರು.

"ನಂದೂ ಅದೇ ಕಥೆ ಕಣಮ್ಮ. ನೀನು ಕಾಲೇಜಿಗೆ ಹೋದ ದಿನಾನೇ ಓಡೋದು ನಿಲ್ಲಿಸ್ಬೇಕಿತ್ತು. ಮರ್ತೆ."