ಅತ್ತೆಯ ತವರಿನ ಎಂಟು ಹಕ್ಕಿಗಳು

ಮದುವೆಯಾದವಳು ಇನ್ನೂ ಓದುತ್ತಿದ್ದಾಳೆ ಎಂದರೆ ಜನ ಮೆಚ್ಚುತ್ತಾರೆ. ಡಾಕ್ಟರೇಟೂ ಬಂದ ಮೇಲೆ ಮತ್ತೆ ಓದುತ್ತಿದ್ದಾಳೆ ಎಂದರೆ ಅವಳಲ್ಲಿ ಏನೋ ಊನವಿರಬೇಕು ಎಂದುಕೊಳ್ಳುತ್ತಾರೆ. ಪಿಎಚ್.ಡಿ. ಮುಗಿಸಿದ ನಂತರವೂ ಮಾಡುವ ಸಂಶೋಧನೆಗೆ ಪೋಸ್ಟ್‌ಡಾಕ್ಟರಲ್ ಎಂಬ ದೊಡ್ಡ ಹೆಸರಿದೆ. ಬಸವನ ಬಾಗೇವಾಡಿಯ ನಮ್ಮ ಓಣಿಯವರು ಅದರ ಮೊದಲರ್ಧವನ್ನಷ್ಟೇ ಹಿಡಿದುಕೊಂಡು, ನನಗೆ ಪೋಸ್ಟ್ ಸಿಕ್ಕಿದೆ ಎಂದು ಸುದ್ದಿ ಹಬ್ಬಿಸಿದರು. ಯಾವ ಪೋಸ್ಟು, ಕಾಯಂ ಆಯಿತೇ ಎಂದು ಕೇಳಿದವರಿಗೆ ಹಕ್ಕಿಗಳ ಜೀನು ನೋಡುವ ಪೋಸ್ಟು ಎಂದು ಹೇಗೆ ಹೇಳಲಿ? ಸಾಲೋಟಗಿಯ ಹೊಲವೊಂದರಲ್ಲಿ ಹಾಗೆ ಹೇಳಿಯೂ ನೋಡಿದೆ. ಬದುವಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಎಲೆಅಡಿಕೆಯನ್ನು ದವಡೆಗೆ ಸರಿಸಿ, "ಕುದರಿಗೆ ಜೀನ ಐತ್ರಿ. ಗುಬ್ಬಿಗೆ ಜೀನ ಹಾಕಿ ಯಾರನ್ನ ಕೂಡ್ರಸ್ತೀರಿ?" ಎಂದರು. ಅವರ ಪಾಲಿಗೆ ಜೀನು ಎಂದರೆ ಕುದುರೆಯ ಬೆನ್ನಿಗೆ ಬಿಗಿಯುವ ತಡಿ. ಅಂದಿನಿಂದ ಯಾರು ಕೇಳಿದರೂ ಹಕ್ಕಿ ಎಣಿಸುತ್ತೇನೆ ಎಂದಷ್ಟೇ ಹೇಳತೊಡಗಿದೆ.

ಎಣಿಸುತ್ತಿದ್ದದ್ದು ನೆಲಗುಬ್ಬಿಯನ್ನು. ಬಯಲಿನಲ್ಲೇ ಓಡಾಡಿ ನೆಲದ ಮೇಲೇ ಗೂಡು ಮಾಡುವ ಪುಟ್ಟ ಹಕ್ಕಿ ಅದು. ಬೆನ್ನಿನ ಬಣ್ಣ ಮಣ್ಣಿನ ಬಣ್ಣಕ್ಕೆ ಹೊಂದಿದರೆ ಗಿಡುಗನ ಕಣ್ಣಿಗೆ ಬೀಳದೆ ಬದುಕುತ್ತದೆ. ಇಂಡಿ, ಸಿಂದಗಿಯ ಕಡೆ ಎರಿ, ಅಂದರೆ ಕರಿ ನೆಲ; ಅಲ್ಲಿನ ಹಕ್ಕಿಗಳ ಬೆನ್ನು ಕಪ್ಪಗೆ. ಮುದ್ದೇಬಿಹಾಳದ ಕಡೆ ಅಲ್ಲಲ್ಲಿ ಮಸಾರಿ, ಅಂದರೆ ಕೆಂಪು ನೆಲ, ಅಲ್ಲಿಯವು ಕೆಂಪಗೆ. ಈ ವ್ಯತ್ಯಾಸ ಅವುಗಳ ಜೀನಿನಲ್ಲೇ ಇದೆಯೇ ಎಂದು ನೋಡುವುದು ನನ್ನ ಕೆಲಸ. ಅರಣ್ಯ ಇಲಾಖೆಯ ಪರವಾನಿಗೆ ಪಡೆದು, ನಸುಕಿನಲ್ಲಿ ಬಲೆ ಕಟ್ಟಿ, ಬಿದ್ದ ಹಕ್ಕಿಯಿಂದ ಒಂದು ಹನಿ ರಕ್ತವನ್ನೂ ಬೆನ್ನಿನ ಒಂದು ಗರಿಯನ್ನೂ ತೆಗೆದುಕೊಂಡು ಹಾರಿಬಿಡುತ್ತಿದ್ದೆ. ರಕ್ತ ಹೈದರಾಬಾದಿನ ಲ್ಯಾಬಿಗೆ ಹೋಗುತ್ತಿತ್ತು. ಗರಿಗಳು ಕಾಗದದ ಲಕೋಟೆ ಸೇರಿ ನನ್ನ ಕೋಣೆಯ ಟ್ರಂಕಿನ ತಳ ಸೇರುತ್ತಿದ್ದವು. ತಳ ಏಕೆಂದರೆ ನಮ್ಮ ಅತ್ತೆ ಮಡಿಯವರು. ಹಕ್ಕಿಯ ಪುಕ್ಕ ಮನೆಯೊಳಗಿದೆ ಎಂದು ತಿಳಿದರೆ ಟ್ರಂಕಿನ ಜೊತೆ ನನ್ನನ್ನೂ ತೊಳೆಯಲು ಹಿತ್ತಲಿಗೆ ಕಳಿಸುತ್ತಾರೆ ಎಂದು ನಾನೇ ತೀರ್ಮಾನಿಸಿದ್ದೆ. ಅವರನ್ನು ಕೇಳುವ ಗೋಜಿಗೆ ಹೋಗಿರಲಿಲ್ಲ.

ಮಣ್ಣಿನ ವಿಷಯದಲ್ಲಿ ನಮ್ಮಿಬ್ಬರಿಗೆ ಮೊದಲೇ ಮುಸುಕಿನ ಗುದ್ದಾಟವಿತ್ತು. ನಾನು ಇಂಡಿಯವಳು, ಎರಿ ನೆಲದ ಜೋಳ ತಿಂದು ಬೆಳೆದವಳು. ಅತ್ತೆಯ ತವರು ಮುದ್ದೇಬಿಹಾಳದ ಕಡೆಯ ಮಸಾರಿ ನೆಲದ ಹಳ್ಳಿ. ರೊಟ್ಟಿ ಹರಿದಾಗಲೆಲ್ಲ ಅವರು ಜೋಳ ಎರಿಯದೆಂದು ದೂರುತ್ತಿದ್ದರು, ನಾನು ಮಸಾರಿಯದೆನ್ನುತ್ತಿದ್ದೆ. ರೊಟ್ಟಿ ಬಡಿದವಳು ನಾನೇ ಎಂಬುದನ್ನು ಇಬ್ಬರೂ ಮರೆಯುತ್ತಿದ್ದೆವು. ಹೀಗಿರುವಾಗ ಅವರ ತಮ್ಮನ ಹೊಲದಲ್ಲಿ ಬಲೆ ಕಟ್ಟಲು ಹೋದ ದಿನ ಕಾಲಿಗೆ ಮೆತ್ತಿಕೊಂಡಿದ್ದು ಶುದ್ಧ ಕರಿಮಣ್ಣು. ಅತ್ತೆಯ ತವರಿನಲ್ಲೂ ಎರಿ! ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಲ್ಲಿ ಸಿಕ್ಕ ಎಂಟು ಹಕ್ಕಿಗಳ ಲಕೋಟೆಗಳ ಮೇಲೆ 'ಎರಿ' ಎಂದು ದಪ್ಪ ಅಕ್ಷರದಲ್ಲಿ ಬರೆದೆ. ನೋಟ್‌ಬುಕ್ಕಿನಲ್ಲಿ 'ಬೆನ್ನು ಕಪ್ಪು' ಎಂದೂ ಬರೆದೆ. ಎರಿಯ ಹಕ್ಕಿಯ ಬೆನ್ನು ಇನ್ನೇನಿರುತ್ತದೆ?

ನಾಲ್ಕು ತಿಂಗಳ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ನನ್ನ ಮಾರ್ಗದರ್ಶಕರ ಇಮೇಲ್ ತೆರೆಯಿತು. ಎಲ್ಲ ಹಕ್ಕಿಗಳ ಜೀನುಗಳೂ ತಮ್ಮ ತಮ್ಮ ನೆಲಕ್ಕೆ ಚೆನ್ನಾಗಿ ಹೊಂದಿವೆ, ಆದರೆ ಆ ಎಂಟು ಮಾತ್ರ ಎರಿಯ ಹೆಸರಿನಲ್ಲಿ ಮಸಾರಿಯ ಜೀನು ಇಟ್ಟುಕೊಂಡಿವೆ ಎಂದಿದ್ದರು. ಚೀಟಿಗಳು ಅದಲುಬದಲಾಗಿವೆ ಎಂಬ ಗುಮಾನಿ ಅವರದು. ಎಂಟು ಚೀಟಿ ತಪ್ಪಿದ್ದರೆ ಉಳಿದವನ್ನು ನಂಬುವುದು ಹೇಗೆ? ಹದಿನೈದು ದಿನದಲ್ಲಿ ವಿವರಣೆ ಬರದಿದ್ದರೆ ವರ್ಷದ ಕೆಲಸವನ್ನೆಲ್ಲ ಕೈಬಿಟ್ಟು ಯೋಜನೆ ಮುಗಿಸಬೇಕಾಗುತ್ತದೆ ಎಂದು ಬರೆದಿದ್ದರು.

ಮನೆಗೆ ಬಂದು ಲಕೋಟೆಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಅಳುತ್ತ ಕೂತೆ. ನಾಚಿಕೆ ಬಿಟ್ಟೇ ಹೇಳುತ್ತೇನೆ, ಗಟ್ಟಿಯಾಗಿಯೇ ಅತ್ತುಬಿಟ್ಟೆ. ಅತ್ತೆ ಬಾಗಿಲಲ್ಲಿ ಬಂದು ನಿಂತದ್ದೂ ತಿಳಿಯಲಿಲ್ಲ. ಗರಿಗಳನ್ನು ಕಂಡು ಬೈಯುತ್ತಾರೆಂದುಕೊಂಡರೆ, ಏನಾಯಿತೆಂದು ಕೇಳಿ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಮಂಚದ ತುದಿಗೆ ಕುಳಿತರು.

"ನಮ್ಮ ತಮ್ಮನ ಹೊಲಾ ಎರಿ ಅಂತ ಯಾರು ಹೇಳಿದ್ರು ನಿನಗ? ಅದು ಮಸಾರಿನ ಅದ. ಮೂರು ವರ್ಷದ ಹಿಂದ ಕೆರಿ ಬತ್ತಿದಾಗ ಟ್ರ್ಯಾಕ್ಟರ್ ಹಚ್ಚಿ ಕೆರಿ ಮಣ್ಣ ಹೊಡಿಸ್ಯಾನ. ಒಂದು ಗೇಣು ಕೆದರಿ ನೋಡಿದ್ರ ಕೆಂಪು ಬರ್ತದ."

ಬತ್ತಿದ ಕೆರೆಯ ಕರಿ ಹೂಳನ್ನು ಹೊಲಕ್ಕೆ ಹೊಡೆಸುವುದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಬೇಸಾಯ. ರೈತರ ಮನೆಯ ಮಗಳಾದ ನನಗೆ ಮಾತ್ರ ಅದು ಹೊಳೆದಿರಲಿಲ್ಲ. ಆದರೆ ನೋಟ್‌ಬುಕ್ಕಿನಲ್ಲಿ 'ಬೆನ್ನು ಕಪ್ಪು' ಎಂದಿದೆಯಲ್ಲ ಎಂದೆ. ಅತ್ತೆ ಒಂದು ಗರಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದಕ್ಕ ಕಪ್ಪು ಅಂತಾರೇನು? ಇದು ಇಟ್ಟಂಗಿ ಕೆಂಪು."

ಅತ್ತೆಯ ಕಣ್ಣಿನ ಬಗ್ಗೆ ಒಂದು ಮಾತು ಹೇಳಬೇಕು. ಸೀರೆಗೆ ಹೊಂದುವ ಕುಪ್ಪಸದ ಖಣ ಆರಿಸಲು ಓಣಿಯ ಹೆಂಗಸರೆಲ್ಲ ಅವರನ್ನೇ ಕರೆದೊಯ್ಯುವುದು. ಅವರು ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಮಾಲಕರು ಇದ್ದಬದ್ದ ಖಣಗಳನ್ನೆಲ್ಲ ತಾವೇ ಕೆಳಗಿಳಿಸುತ್ತಾರೆ. ನಾನು ಮೇಲಿನ ಬರಹ ಕಾಣದಂತೆ ಲಕೋಟೆಗಳನ್ನು ಮಡಚಿ, ಕಲೆಸಿ, ಅವರ ಮುಂದಿಟ್ಟು, ಬಣ್ಣ ನೋಡಿ ಎರಡು ಪಾಲು ಮಾಡಲು ಹೇಳಿದೆ. ಅವರು ಖಣ ಆರಿಸುವ ಠೀವಿಯಲ್ಲೇ ಇತ್ತ ಒಂದು, ಅತ್ತ ಒಂದು ಇಡುತ್ತ ಹೋದರು. ಒಂದು ಗರಿಯನ್ನು ಮಾತ್ರ ನೆಲಗುಬ್ಬಿಯದೇ ಅಲ್ಲ ಎಂದು ಬದಿಗೆ ಸರಿಸಿದರು. ಮಡಿಕೆ ಬಿಡಿಸಿ ಲ್ಯಾಬಿನ ಪಟ್ಟಿಯೊಡನೆ ಹೋಲಿಸಿದೆ. ಎಂಟಕ್ಕೆ ಎಂಟೂ ಮಸಾರಿಯ ಪಾಲಿನಲ್ಲಿದ್ದವು. ಉಳಿದವುಗಳಲ್ಲೂ ಒಂದೂ ತಪ್ಪಿರಲಿಲ್ಲ. ಬದಿಗೆ ಸರಿಸಿದ್ದು, ನಾನು ಗಡಿಬಿಡಿಯಲ್ಲಿ ನೆಲದಿಂದ ಎತ್ತಿ ತುಂಬಿದ ಲಾವಕ್ಕಿಯ ಗರಿ. ನಾನು ಅತ್ತೆಯನ್ನು ತಬ್ಬಿಕೊಂಡುಬಿಟ್ಟೆ. ಗರಿಗಳಿಂದ ಕೆಡದ ಅವರ ಮಡಿ ನನ್ನಿಂದ ಕೆಟ್ಟಿತು, ಎದ್ದು ಇನ್ನೊಮ್ಮೆ ಸ್ನಾನಕ್ಕೆ ಹೋದರು.

ಮರುದಿನವೇ ಆ ಹೊಲಕ್ಕೆ ಹೋಗಿ ಕೆದರಿದೆ. ಗೇಣುದ್ದದ ಕೆಳಗೆ ಕುಂಕುಮದಂಥ ಮಸಾರಿ! ಎಲ್ಲವನ್ನೂ ಬರೆದು ಕಳಿಸಿದ ಎರಡೇ ದಿನಕ್ಕೆ ಮಾರ್ಗದರ್ಶಕರ ಉತ್ತರ ಬಂತು. ಮಣ್ಣು ಬದಲಾಗಿದೆ, ಹಕ್ಕಿ ಇನ್ನೂ ಬದಲಾಗಿಲ್ಲ. ಬಣ್ಣ ಇರುವುದು ಜೀನಿನಲ್ಲೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ, ನಾವೇ ಯೋಚಿಸಿದ್ದರೂ ಇಂಥ ಪ್ರಯೋಗ ಹೊಳೆಯುತ್ತಿರಲಿಲ್ಲ ಎಂದು ಕುಣಿದಾಡಿದ್ದರು. ಯೋಜನೆ ಇನ್ನೆರಡು ವರ್ಷ ಮುಂದುವರಿಯಿತು. ಓಣಿಗೆಲ್ಲ ಪೇಢೆ ಹಂಚಿದ ಅತ್ತೆ, ಪೋಸ್ಟು ಕಾಯಂ ಆಯಿತೆಂದೇ ಸಾರಿದರು.

ಪ್ರಬಂಧ ಅಚ್ಚಾಗಿ ಬಂದಾಗ ಅದರಲ್ಲಿ ಅತ್ತೆಯ ಬಗ್ಗೆಯೂ ಒಂದು ಸಾಲಿತ್ತು. ಜಂಬದಿಂದಲೇ ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದೆ: ಗರಿಗಳ ಬಣ್ಣವನ್ನು ವಿಂಗಡಿಸಿದವರು ಯಾವ ಪೂರ್ವಗ್ರಹವೂ ಇಲ್ಲದ ಒಬ್ಬ ಅನುಭವಿ ವೀಕ್ಷಕರು. ಪೂರ್ವಗ್ರಹ ಎಂದರೇನೆಂದು ಅತ್ತೆ ಕೇಳಿದರು. ನೋಡುವ ಮೊದಲೇ, ಕೇಳುವ ಮೊದಲೇ ಹೀಗೇ ಎಂದು ತೀರ್ಮಾನಿಸಿಬಿಡುವುದು ಎಂದೆ.

ಅವರು ಪ್ರಬಂಧವನ್ನು ತಮ್ಮ ಕಡೆ ಎಳೆದುಕೊಂಡು, "ಹಂಗಿದ್ದವರ ಹೆಸರು ಎಲ್ಲಿ ಹಾಕ್ಯಾರ?" ಎಂದರು.

ನನ್ನ ಹೆಸರು ಮೇಲುಗಡೆ, ಎಲ್ಲಕ್ಕಿಂತ ಮೊದಲು, ದಪ್ಪ ಅಕ್ಷರದಲ್ಲಿತ್ತು. ಬೆರಳಿಟ್ಟು ತೋರಿಸಿದೆ.